‘ಇಂಡಿಜಿನಸ್’ ಅನ್ನೋದಕ್ಕೆ ಬೋರ್ಡಿನ ಮೇಲೆ ಏನು ಬರೆಯಲಿ? ನಾಳೆ ಬೆಳಿಗ್ಗೆಯೊಳಗೆ ಬೇಕು

ತುಂಗಾತೀರ, ಶಿವಮೊಗ್ಗ:

ಎಲ್ಲರಿಗೂ ನಮಸ್ಕಾರ. ಅವಸರದ ಪ್ರಶ್ನೆ, ಬೈಬೇಡಿ.

ಊರಿನ ಹಳೆ ಕಾಗದಪತ್ರ, ಫೋಟೋಗಳ ಸಣ್ಣದೊಂದು ಪ್ರದರ್ಶನ ಇಡುತ್ತಿದ್ದೇವೆ. ಒಂದು ಕೋಣೆ ಪೂರ್ತಿ ಕಾಡಂಚಿನ ಜನರದ್ದು. ಗೋಡೆಗೆ ಹಸೆ ಚಿತ್ತಾರದ ಫೋಟೋಗಳು, ಹಸಲರ ಮತ್ತು ಹಕ್ಕಿಪಿಕ್ಕಿಯವರ ಫೋಟೋಗಳು. ಮೇಜಿನ ಮೇಲೆ ಗೇಣಿ ಚೀಟಿ, ಡಿಕ್ಲರೇಷನ್ ಅರ್ಜಿ, ಮುಳುಗಡೆ ಕಾಲದ ನೋಟಿಸು, ಅರಣ್ಯ ಹಕ್ಕಿನ ಅರ್ಜಿಗಳು. ದುಡ್ಡು ಕೊಟ್ಟವರು ಕೋಣೆಗೆ ಇಂಗ್ಲಿಷಿನಲ್ಲಿ ಹೆಸರಿಟ್ಟು ಕಳಿಸಿದ್ದಾರೆ: ‘ಇಂಡಿಜಿನಸ್ ಪೀಪಲ್ಸ್: ಹಿಸ್ಟರಿ, ಆರ್ಟ್, ಲ್ಯಾಂಡ್ ರೈಟ್ಸ್’.

ನಾನು ‘ಮೂಲನಿವಾಸಿಗಳ ಇತಿಹಾಸ, ಕಲೆ ಮತ್ತು ಭೂಹಕ್ಕು’ ಅಂತ ಬರೆದಿಟ್ಟಿದ್ದೇನೆ. ಓದಿದರೆ ಯಾಕೋ ಬಾಯಿಗೆ ಹತ್ತುತ್ತಿಲ್ಲ. ಬೋರ್ಡು ಎಂಟು ಅಡಿ ಅಗಲ, ಒಂದೂವರೆ ಅಡಿ ಎತ್ತರ. ಬೋರ್ಡ್ ಬರೆಯುವವರು ನಾಳೆ ಒಂಬತ್ತಕ್ಕೆ ಬರುತ್ತಾರೆ. ಒತ್ತಕ್ಷರ ಜಾಸ್ತಿ ಇದ್ದರೆ ಅಕ್ಷರ ಸಣ್ಣದು ಮಾಡಬೇಕಾಗುತ್ತೆ ಅಂತ ಈಗಲೇ ಹೇಳಿ ಹೋಗಿದ್ದಾರೆ.

ಹಳೆಬೇರು, ತೀರ್ಥಹಳ್ಳಿ:

ಇಷ್ಟುದ್ದದ ಸಾಲಿನಲ್ಲಿ ಅಚ್ಚಗನ್ನಡ ಅನ್ನುವುದು ‘ಮತ್ತು’ ಒಂದೇ. ‘ಭೂ’ ಸಂಸ್ಕೃತ, ‘ಹಕ್ಕು’ ಅರಬ್ಬಿ. ಅರಿಸಮಾಸ ಅನ್ನೋಣ ಅಂದರೆ ಅದಕ್ಕೂ ಒಂದು ಕಾಲಾದರೂ ಕನ್ನಡದ್ದಿರಬೇಕು.

‘ಬುಡಕಟ್ಟುಗಳ ಹಿನ್ನಡವಳಿ, ಕುಸುರಿ, ನೆಲದೊಡೆತನ’ ಎಂದು ಬರೆಯಿರಿ. ಬುಡ, ಕಟ್ಟು ಎರಡೂ ನಮ್ಮವು. ಮುಗಿಯಿತು.

ಹಳೇ ದಫ್ತರ, ಹೊಸನಗರ:

ಮುಗಿಯಲಿಲ್ಲ ಮಾರಾಯ್ರೆ. ‘ಹಿನ್ನಡವಳಿ’ ಓದಿದವರು ಹಿಂದುಳಿದವರ ನಡವಳಿಕೆ ಅಂದುಕೊಂಡು ಒಳಗೆ ಬರುತ್ತಾರೆ. ಅದಿರಲಿ. ‘ಒಡೆತನ’ ಮಾತ್ರ ಪೂರಾ ತಪ್ಪು. ನಾನು ರೆವಿನ್ಯೂ ಕಾಗದದಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು, ಇದೊಂದನ್ನು ಬಿಡಲಾರೆ.

ಭೂಸುಧಾರಣೆ ಕಾಯ್ದೆಗೆ 1974ರ ತಿದ್ದುಪಡಿ ಆದಮೇಲೆ ಗೇಣಿದಾರ ಡಿಕ್ಲರೇಷನ್ ಕೊಟ್ಟು ಗೆದ್ದನಲ್ಲ, ಅದು ಒಡೆತನ. ‘ಉಳುವವನೇ ಒಡೆಯ’ ಅಂತ ಕೂಗಿದ್ದು ಅದಕ್ಕೇ. ಆದರೆ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಸಿಗುವುದು ಬೇರೆ. ಆ ಹಕ್ಕುಪತ್ರ ಮಗನಿಗೆ, ಮಗಳಿಗೆ ಹೋಗುತ್ತೆ. ಮಾರೋಕೆ ಬರಲ್ಲ, ಪರಭಾರೆ ಮಾಡೋಕೆ ಬರಲ್ಲ. ಇನ್ನು ಜೇನು, ಸೀಗೆ, ಉಪ್ಪಾಗೆ ಕೊಯ್ದು ತರುವುದೂ, ದನ ಮೇಯಿಸುವುದೂ ಅದೇ ಕಾಯ್ದೆಯಲ್ಲಿ ಹಕ್ಕೇ. ಉಪ್ಪಾಗೆ ಕೊಯ್ಯಲು ಹೋದವನು ಕಾಡಿಗೆ ಒಡೆಯನಾ? ಹಕ್ಕು ಅಂದರೆ ಹಕ್ಕೇ. ಅರಬ್ಬಿಯಾಗಿದ್ದರೆ ಆಗಲಿ ಬಿಡಿ.

ಜಮೀನು ಫಾರಸಿ, ರೈತ ಅರಬ್ಬಿ, ತಕರಾರು ಅರಬ್ಬಿ, ಪಹಣಿ ಮರಾಠಿ. ಬಗರ್ ಹುಕುಂ ಅಂದರೆ ಸುಮ್ನೆ ‘ಅಪ್ಪಣೆ ಇಲ್ಲದೆ’ ಅಂತ ಅಷ್ಟೆ. ಅದೇ ನೆಲದ ಮೇಲೆ ಇಳಿದು ನೋಡಿ: ಗದ್ದೆ, ಮಕ್ಕಿ, ಹಕ್ಕಲು, ಹಾಡಿ, ಕಾನು, ಸೊಪ್ಪಿನಬೆಟ್ಟ. ಕಚೇರಿಗೆ ಹೋಗುವ ತನಕ ಎಲ್ಲವೂ ಕನ್ನಡದಲ್ಲೇ ಇದ್ದವು.

ಮುಳುಗಡೆ ನೋಟಿಸಿನ ಕೆಳಗೆ ‘ಸ್ಥಳಾಂತರ’, ‘ಪುನರ್ವಸತಿ’ ಅಂತೆಲ್ಲ ಬರೆಯಬೇಡಿ. ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಮನೆ ಬಿಟ್ಟವರನ್ನು ಈ ಕಡೆ ಇವತ್ತಿಗೂ ‘ಮುಳುಗಡೆಯವರು’ ಅನ್ನುತ್ತಾರೆ.

ಹಳೆಬೇರು, ತೀರ್ಥಹಳ್ಳಿ:

ಕಚೇರಿ ಕನ್ನಡವನ್ನು ಕನ್ನಡ ಅನ್ನಬೇಡಿ. ಇನ್ನು, ಕಾನು ಕಾನನದಿಂದ ಬಂತು ಅಂತ ಯಾರಾದರೂ ಎದ್ದು ನಿಲ್ಲುವ ಮೊದಲೇ ಹೇಳಿಬಿಡುತ್ತೇನೆ: ನಮ್ಮ ಕಾನೇ ಸಂಸ್ಕೃತಕ್ಕೆ ಹೋಗಿ ಕಾನನ ಆಗಿದೆ ಅನ್ನುವ ವಿದ್ವಾಂಸರಿದ್ದಾರೆ. ತಮಿಳಿನಲ್ಲೂ ಕಾನ್ ಅಂದರೆ ಕಾಡೇ.

ಹಳೇ ದಫ್ತರ, ಹೊಸನಗರ:

ಯಾರೂ ಎದ್ದು ನಿಂತಿರಲಿಲ್ಲ.

ಸಾಗರದಕ್ಕ:

ತಮ್ಮಾ, ಬೋರ್ಡಿನ ಮಾತು ಆಮೇಲೆ. ಚಿತ್ತಾರದ ಫೋಟೋ ಕೆಳಗೆ ‘ಬುಡಕಟ್ಟು ಕಲೆ’ ಅಂತ ಚೀಟಿ ಅಂಟಿಸಿದ್ದೀಯಾ ಹೇಗೆ? ಅಂಟಿಸಿದ್ದರೆ ಮೊದಲು ಕೀಳು.

ಹಸೆ ಚಿತ್ತಾರ ನಮ್ಮ ದೀವರದ್ದು. ದೀವರು ಪರಿಶಿಷ್ಟ ಪಂಗಡ ಅಲ್ಲ, ಹಿಂದುಳಿದ ವರ್ಗದ ಪಟ್ಟಿಯಲ್ಲಿದ್ದೇವೆ. ಪೇಟೆಯವರಿಗೆ ಮಣ್ಣಿನ ಗೋಡೆ ಮೇಲೆ ಬಿಳಿ ಗೆರೆ ಕಂಡರೆ ಸಾಕು, ಬುಡಕಟ್ಟು. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗದ್ದೆಗೆ ಇಳಿದವರು ಗೇಣಿ ಒಕ್ಕಲು. ಭತ್ತ ಅಳೆಯುವ ಕೊಳಗ ದೊಡ್ಡದು ಅಂತ ಶುರುವಾದ ಜಗಳ ಅದು. ಸಮಾಜವಾದಿ ನಾಯಕ ಲೋಹಿಯಾ ಬಂದು ಸಾಗರದಲ್ಲಿ ಬಂಧನಕ್ಕೊಳಗಾದರು. ಗೇಣಿ ಚೀಟಿಯನ್ನೂ ಅರಣ್ಯ ಹಕ್ಕಿನ ಅರ್ಜಿಯನ್ನೂ ಒಂದೇ ಮಾತಿನ ಕೆಳಗೆ ತುರುಕಿದರೆ ಎರಡೂ ಕೆಡುತ್ತವೆ.

ಇನ್ನೊಂದು. ಚಿತ್ತಾರ ‘ಬಿಡಿಸುವುದು’ ಅಲ್ಲ, ‘ಬರೆಯುವುದು’. ನಮ್ಮಜ್ಜಿ ಯಾವತ್ತೂ ಬಿಡಿಸಲಿಲ್ಲ. ಅಕ್ಕಿ ನೆನೆಸಿ ಅರೆದರೆ ಬಿಳಿ, ಕೆಮ್ಮಣ್ಣಿಗೆ ಕೆಂಪು, ಗುರಗೆ ಕಾಯಿಗೆ ಹಳದಿ, ಅಕ್ಕಿಯನ್ನೇ ಕರಿ ಆಗುವ ತನಕ ಹುರಿದರೆ ಕಪ್ಪು. ಪುಂಡಿ ನಾರಿನ ಕಡ್ಡಿ ಹಿಡಿದು ಗೆರೆ ಎಳೆಯೋಳು, ಉಸಿರು ಬಿಗಿ ಹಿಡಿದು. ನಡುವೆ ನಾವು ಮಾತಾಡಿಸಿದರೆ ಕಡ್ಡಿ ಎತ್ತಿ ‘ಹೋಗ್ರೇ ಆಚೆ’ ಅನ್ನೋಳು. ಹಸೆ ಅಂದರೆ ಮದುವೆ ಮನೆಯ ಹಸೆ. ಫೋಟೋದಲ್ಲಿ ಬುಟ್ಟಿ ಇದ್ದರೆ ಅದು ಭೂಮಿ ಹುಣ್ಣಿಮೆಯ ಭೂಮಣ್ಣಿ ಬುಟ್ಟಿ. ಗೋಡೆಯದ್ದು ಬೇರೆ, ಬುಟ್ಟಿಯದ್ದು ಬೇರೆ. ಬೆರೆಸಬೇಡ. ‘ಕುಸುರಿ’ಯಂತೂ ಬೇಡವೇ ಬೇಡ, ಅದು ಮರದ ಬಾಗಿಲಿಗೆ ಇರಲಿ.

ತುಂಗಾತೀರ, ಶಿವಮೊಗ್ಗ:

ಅಂಟಿಸಿದ್ದೆ ಅಕ್ಕಾ. ಕಿತ್ತೆ. ಹಾಗಾದರೆ ‘ಆದಿವಾಸಿ’?

ಕೊಪ್ಪದ ಓದುಗ:

ಆದಿವಾಸಿ ಅನ್ನುವುದು ಹಳೆ ಪದದ ಹಾಗೆ ಕೇಳಿಸುತ್ತೆ, ಆದರೆ ಕಳೆದ ಶತಮಾನದ್ದೇ. ಮೇಲಿನಿಂದ ಹೇರಿದ್ದಲ್ಲ, ಆ ಜನರೇ ತಮಗೆ ಬೇಕು ಅಂತ ಕೇಳಿದ್ದು. ಸಂವಿಧಾನ ಸಭೆಯಲ್ಲಿ ಅವರ ನಾಯಕ ಜೈಪಾಲ್ ಸಿಂಗ್ ಮುಂಡಾ ‘ಬನಜಾತಿ’ ಬೇಡ, ಆದಿವಾಸಿಯೇ ಬೇಕು ಅಂತ ಹಟ ಹಿಡಿದಿದ್ದರು. ಕೊನೆಗೆ ಅವರಿಗೆ ಸಿಕ್ಕಿದ್ದು ‘ಪರಿಶಿಷ್ಟ’. ಹಾಗಾಗಿ ನನಗೆ ಆ ಪದದ ಮೇಲೆ ಗೌರವ ಇದೆ. ‘ಗಿರಿಜನ’ದ ಮೇಲೆ ಇಲ್ಲ. ಅದು ಇಲಾಖೆಯ ಪದ.

‘ಮೂಲನಿವಾಸಿ’ಗೆ ಇನ್ನೊಂದು ತೊಡಕು. ಯಲ್ಲಾಪುರ, ಹಳಿಯಾಳದ ಸಿದ್ದಿಯರು ಆಫ್ರಿಕಾದಿಂದ ಬಂದವರು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ನಿಮ್ಮ ಫೋಟೋದಲ್ಲಿರುವ ಹಕ್ಕಿಪಿಕ್ಕಿಯವರ ವಾಗ್ರಿ ಮಾತು ಗುಜರಾತಿಗೆ ಹತ್ತಿರ. ಇವರನ್ನು ಬುಡಕಟ್ಟು ಅಂದರೆ ಸರಿ. ಮೂಲನಿವಾಸಿ ಅಂದರೆ, ಎಲ್ಲಿಯ ಮೂಲ? ಹಸಲರಿಗೆ ಆ ಪದ ಒಪ್ಪಬಹುದು, ಪಕ್ಕದ ಫೋಟೋಗೆ ಒಪ್ಪಲ್ಲ.

ಕಾನೂನು ಬೇರೆ ಈ ಪದಗಳ ಮೇಲೇ ಕೂತಿದೆ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಆ ಕಾಡಿನಲ್ಲಿ ಇದ್ದದ್ದು ತೋರಿಸಿದರೆ ಸಾಕು. ‘ಇತರ ಪಾರಂಪರಿಕ ಅರಣ್ಯವಾಸಿ’ ಆದರೆ ಅಲ್ಲಿಂದ ಹಿಂದಕ್ಕೆ ಮೂರು ತಲೆಮಾರು, 75 ವರ್ಷ. ನಿಮ್ಮ ಮೇಜಿನ ಮೇಲಿನ ಅರ್ಜಿಗಳಲ್ಲಿ ಈ ಎರಡೂ ಬಗೆ ಇರುತ್ತವೆ. 75 ವರ್ಷ ತೋರಿಸಬೇಕಾದವನು ಹಳೆ ಕಡತ ಹುಡುಕಿಕೊಂಡು ನಿಮ್ಮ ಕೋಣೆಗೇ ಬರಬಹುದು. ಬಾಗಿಲಲ್ಲೇ ಅವನನ್ನು ತಪ್ಪು ಪಟ್ಟಿಗೆ ಸೇರಿಸಿ ಒಳಗೆ ಬಿಡಬೇಡಿ.

ಇಂಗ್ಲಿಷಿನವರಿಗೆ ಎಲ್ಲರನ್ನೂ ಹೊದಿಸುವ ಒಂದು ಕಂಬಳಿ ಬೇಕು. ನಮಗೆ ಯಾಕೆ? ಮೂರು ಹೆಸರು ಗೊತ್ತಿದೆಯಲ್ಲ, ಆ ಮೂರನ್ನೇ ಬರೆಯಿರಿ.

ಹಳೆಬೇರು, ತೀರ್ಥಹಳ್ಳಿ:

‘ಕಡತ’ ಅಂತ ಬಳಸಿದ್ದಕ್ಕೆ ಶಹಭಾಸ್. ಹುಣಿಸೆಬೀಜದ ಅಂಟು, ಇದ್ದಿಲ ಪುಡಿ ಸವರಿದ ಕರಿ ಬಟ್ಟೆ, ಬಳಪದಲ್ಲಿ ಬರೆದು ಮಡಚಿಡುತ್ತಿದ್ದರು. ಈಗಿನವರು ರಟ್ಟಿನ ಫೈಲಿಗೂ ಅದನ್ನೇ ಅನ್ನುತ್ತಾರೆ, ಆಗಲಿ.

ಹಳೇ ದಫ್ತರ, ಹೊಸನಗರ:

‘ಶಹಭಾಸ್’ ಯಾವ ಭಾಷೆ ಮೇಷ್ಟ್ರೇ?

ಸಾಗರದಕ್ಕ:

ಇಬ್ಬರೂ ಸಾಕು ಮಾಡಿ. ಹುಡುಗನಿಗೆ ಬೆಳಿಗ್ಗೆ ಕೆಲಸ ಇದೆ.

ತುಂಗಾತೀರ, ಶಿವಮೊಗ್ಗ:

ಕೊಪ್ಪದವರ ಮಾತೇ ಹಿಡಿದೆ. ಮೇಲಿನ ಸಾಲು ದಪ್ಪಕ್ಷರದಲ್ಲಿ ‘ಹಸಲರು, ಹಕ್ಕಿಪಿಕ್ಕಿ, ದೀವರು’. ಕೆಳಗೆ ಸಣ್ಣದಾಗಿ ‘ಬದುಕು, ಚಿತ್ತಾರ, ನೆಲದ ಹಕ್ಕು’. ಗೇಣಿ ಕಾಗದಕ್ಕೆ ಒಂದು ಮೇಜು, ಕಾಡಿನ ಅರ್ಜಿಗೆ ಇನ್ನೊಂದು ಅಂತ ಬೇರೆ ಮಾಡಿದೆ. ದುಡ್ಡು ಕೊಟ್ಟವರಿಗೆ ಫೋನ್ ಮಾಡಿದರೆ ‘ಇಂಡಿಜಿನಸ್ ಎಲ್ಲಿ ಹೋಯಿತು’ ಅಂತ ಕೇಳಿದರು. ಇಂಗ್ಲಿಷ್ ಸಾಲು ಇಂಗ್ಲಿಷಿನಲ್ಲೇ ಕೆಳಗೆ ಇರುತ್ತೆ ಅಂದೆ, ಸುಮ್ಮನಾದರು.

ಬೋರ್ಡ್ ಬರೆಯುವವರು ಬಂದು ಒತ್ತು ಎಣಿಸಿದರು. ನಾಲ್ಕೇ. ಖುಷಿಯಾಗಿ ಏಣಿ ಹಾಕಿದ್ದಾರೆ.

ಹಳೆಬೇರು, ತೀರ್ಥಹಳ್ಳಿ:

ಆ ನಾಲ್ಕರಲ್ಲಿ ‘ಹಕ್ಕು’ ಅರಬ್ಬಿ. ನಿನ್ನೆಯೇ ಹೇಳಿದ್ದೆ. ‘ಹಕ್ಕಿ’ಗೆ ನನ್ನ ತಕರಾರಿಲ್ಲ.