ಪಲ್ಸರ್ ಜೊತೆಗಾರನ ಲೈಟ್ ಕರ್ವ್ (ಹೊಳಪಿನ ಏರಿಳಿತದ ಗ್ರಾಫ್) ಸರಿ ಬರ್ತಿಲ್ಲ, ಹೆಲ್ಪ್ ಮಾಡಿ

ತೋಟದಮನೆ_ಸ್ಕೋಪ್ (ಸುಂಟಿಕೊಪ್ಪ): ತಲೆ ಕೆಟ್ಟೋಗಿದೆ. ಪಲ್ಸರ್ (ಗಿರಗಿರ ತಿರುಗೋ ಸತ್ತ ನಕ್ಷತ್ರ) ಸುತ್ತೋ ಜೊತೆ ನಕ್ಷತ್ರದ ಒಂದು ಮುಖ ಪಲ್ಸರ್‌ನಿಂದ ಬಿಸಿಯಾಗಿ ಕಾದಿರುತ್ತೆ, ಅದು ನಮ್ ಕಡೆ ತಿರುಗಿದಾಗ ಹೊಳಪು ಏರ್ಬೇಕು ಆಮೇಲೆ ಇಳೀಬೇಕು, ಪೇಪರಲ್ಲಿ ನುಣ್ಣಗೆ ಅಲೆ ತರ ಇದೆ, ನಂಗೆ ಬರ್ತಿರೋದು ಗರಗಸದ ಹಲ್ಲು. 8 ಇಂಚು ಎಸ್‌ಸಿಟಿ ಟೆಲಿಸ್ಕೋಪ್, 2 ನಿಮಿಷದ ಎಕ್ಸ್‌ಪೋಷರ್, ಡಾರ್ಕ್ ಫ್ಲಾಟ್ ಕರೆಕ್ಷನ್ ಎಲ್ಲ ಹಾಕಿದೀನಿ.

ಇಬ್ಬನಿ_ವೈರಿ: ಇಬ್ಬನಿ. ಕಣ್ಮುಚ್ಚಿ ಹೇಳ್ತೀನಿ. ನಮ್ ಕಡೆ ರಾತ್ರಿ ಆಗ್ತಿದ್ದಂಗೆ ಮುಂದಿನ ಗ್ಲಾಸ್ ಮಸುಕಾಗುತ್ತೆ. ಡ್ಯೂ ಸ್ಟ್ರಾಪ್ (ಗ್ಲಾಸ್ ಬೆಚ್ಚಗಿಡೋ ಹೀಟರ್ ಪಟ್ಟಿ) ಕಟ್ಟಿ.

ತೋಟದಮನೆ_ಸ್ಕೋಪ್: ಕಟ್ಟಿದೀನಿ ಸಾರ್. ಚೆಕ್ ಸ್ಟಾರ್ (ಹೋಲಿಸೋಕೆ ಅಳೆಯೋ, ಹೊಳಪು ಬದಲಾಗದ ಪಕ್ಕದ ನಕ್ಷತ್ರ) ಗೆರೆ ಎಳೆದಂಗೆ ನೇರ ಇದೆ.

ಇಬ್ಬನಿ_ವೈರಿ: ಪವರ್ ಸಾಲ್ತಿರಲ್ಲ. ಫುಲ್ ಇಡಿ.

ವಿರಾಜಪೇಟೆ_ಡಾಬ್: ಸ್ಟ್ರಾಪೆಲ್ಲ ದುಡ್ಡು ದಂಡ, ಹೇರ್ ಡ್ರೈಯರ್ ಸಾಕು.

ಇಬ್ಬನಿ_ವೈರಿ: ಫೋಟೋಮೆಟ್ರಿ (ಹೊಳಪು ಅಳೆಯೋದು) ಮಧ್ಯೆ ಡ್ರೈಯರ್ ಹಿಡೀತಾರಾ? ಡಾಬಲ್ಲಿ (ಕೈಯಲ್ಲಿ ತಿರುಗಿಸೋ ಟೆಲಿಸ್ಕೋಪ್) ಚಂದ್ರನ್ನ ನೋಡೋರಿಗೆ ಇದೆಲ್ಲ ಗೊತ್ತಾಗಲ್ಲ ಬಿಡಿ.

ಮಡಿಕೇರಿ_ಮೋಡ: ಇಬ್ಬನಿ ಆಗಿದ್ರೆ ಚೆಕ್ ಸ್ಟಾರೂ ಕುಣೀತಿತ್ತು. ಮೊದ್ಲು ಯಾವ ಪಲ್ಸರ್ ಅಂತ ಹೇಳು ಮಾರಾಯ, ಅದನ್ನೇ ಬರ್ದಿಲ್ಲ.

ತೋಟದಮನೆ_ಸ್ಕೋಪ್: ಸಿಂಹದ ಕೆಳಗಿರೋದು, ಜೆ1023+0038. ಇನ್ಯಾವುದು ನಮ್ ಸ್ಕೋಪಿಗೆ ಸಿಗುತ್ತೆ?

ಮಡಿಕೇರಿ_ಮೋಡ: ಅಲ್ಲೇ ಇರೋದು ವಿಷ್ಯ. ನೀನು ನೋಡಿರೋ ಪೇಪರ್ 2013ಕ್ಕಿಂತ ಹಳೇದು. ಆ ವರ್ಷ ಜೂನಲ್ಲಿ ಅದರ ರೇಡಿಯೋ ಪಲ್ಸ್ ನಿಂತೋಯ್ತು, ಜೊತೆ ನಕ್ಷತ್ರದಿಂದ ಸುರಿಯೋ ಅನಿಲ ಪಲ್ಸರ್ ಸುತ್ತ ತಟ್ಟೆ ತರ ಡಿಸ್ಕ್ ಕಟ್ಕೊಂಡ್ತು. ಈಗ ನಿನ್ನ ಕ್ಯಾಮೆರಾಗೆ ಬರೋ ಬೆಳಕಲ್ಲಿ ಡಿಸ್ಕಿಂದೂ ಸೇರಿದೆ, ಅದು ಸೆಕೆಂಡ್‌ಗಳಲ್ಲೇ ಮೇಲೆ ಕೆಳಗೆ ಹಾರುತ್ತೆ, ಮಧ್ಯೆ ಫ್ಲೇರ್ (ದಿಢೀರ್ ಹೊಳಪು) ಬೇರೆ. ಕಾದ ಮುಖದ ಅಲೆ ಅಡಿಯಲ್ಲಿ ಇದ್ದೇ ಇದೆ, ಬೇರೆ ಬೇರೆ ರಾತ್ರಿ ಡೇಟಾ ಸೇರ್ಸಿ ಅದರ ಒಂದು ಸುತ್ತಿನ 4.75 ಗಂಟೆಗೆ ಫೋಲ್ಡ್ ಮಾಡು (ಎಲ್ಲಾ ಸುತ್ತನ್ನೂ ಒಂದರ ಮೇಲೊಂದು ಕೂರ್ಸು), ಫ್ಲೇರ್ ಕಿತ್ತಾಕು, ಆಮೇಲೆ ಸರಾಸರಿ ತೆಗಿ.

ತೋಟದಮನೆ_ಸ್ಕೋಪ್: ಡಿಸ್ಕ್ ಇಲ್ದೇ ಇರೋದು ಯಾವ್ದೂ ಇಲ್ವಾ?

ಮಡಿಕೇರಿ_ಮೋಡ: ಜೆ2339-0533 ಇದೆ, 4.6 ಗಂಟೆಗೊಂದು ಸುತ್ತು, ಏರಿಳಿತ ಮೂರು ಮ್ಯಾಗ್ನಿಟ್ಯೂಡ್‌ಗಿಂತ (ಹೊಳಪಿನ ಅಳತೆ) ಜಾಸ್ತಿ. ಆದ್ರೆ ಮಂಕಾದಾಗ 8 ಇಂಚಿಗೆ ಸಿಗಲ್ಲ, ಮೇಲಾಗಿ ಅದು ಕುಂಭದಲ್ಲಿರೋದು, ರಾತ್ರಿ ಪೂರ್ತಿ ಸಿಗೋ ಮಳೆಗಾಲದ ತಿಂಗಳಲ್ಲಿ ಕೊಡಗಲ್ಲಿ ಆಕಾಶ ಎಲ್ಲಿ ಕಾಣುತ್ತೆ?

ವಿರಾಜಪೇಟೆ_ಡಾಬ್: ನನ್ನ 12 ಇಂಚಿಗೆ ಸಿಗ್ಬೋದೇನೋ. ಹೊಸ ಮಿರರ್ ಕೋಟಿಂಗ್ ಮಾಡ್ಸಿದೀನಿ, ಫೋಟೋ ಹಾಕ್ಲಾ?

ಇಬ್ಬನಿ_ವೈರಿ: ಟ್ರ್ಯಾಕಿಂಗೇ ಇಲ್ದೇ ಫೋಟೋಮೆಟ್ರಿ ಮಾಡ್ತೀರಾ? ಏನೇ ಆಗ್ಲಿ, ಸ್ಟ್ರಾಪ್ ಒಂದ್ಸಲ ಫುಲ್ ಪವರಲ್ಲಿಟ್ಟು ನೋಡಿ.