ಪದಚರ್ಚೆ: ಆರ್ಕೆಸ್ಟ್ರಾ, ಕಂಡಕ್ಟರ್, ಹೈ ಡೆಫಿನಿಷನ್‌ಗೆ ಕನ್ನಡದಲ್ಲಿ ಏನನ್ನೋಣ?

ಸ್ನೇಹಿತರೇ,
ಬೀಥೋವನ್‌ನ ಒಂಬತ್ತನೇ ಸಿಂಫನಿಯ ಟೀವಿ ಪ್ರಸಾರಕ್ಕೆ ಕನ್ನಡ ಅಡಿಬರಹ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಕೊಡಬೇಕು. 'ಆರ್ಕೆಸ್ಟ್ರಾ' ಅಂದರೆ ನಮ್ಮಲ್ಲಿ ಸಿನಿಮಾ ಹಾಡಿನ ತಂಡ. ವಾದ್ಯದವರನ್ನು ಕೈಸನ್ನೆಯಲ್ಲಿ ನಡೆಸುವವರಿಗೆ 'ಕಂಡಕ್ಟರ್' ಅನ್ನೋಣವೆಂದರೆ ಆ ಪದವೂ 'ನಿರ್ವಾಹಕ'ವೂ ಬಸ್ಸಿಗೆ ಹೋದವು. 'ಹೈ ಡೆಫಿನಿಷನ್'ಗೆ 'ಉನ್ನತ ವ್ಯಾಖ್ಯಾನ' ಅಂತ ಎಲ್ಲೋ ಓದಿ ಬೇಸರವಾಯಿತು. ಇಲ್ಲಿ ಪಿಟೀಲಿನ ಕಮಾನು ಎಳೆದಾಗ ಏಳುವ ರಾಳದ ಪುಡಿಯೂ ಕಾಣುತ್ತದೆ. ಚಿತ್ರ ಅಷ್ಟು ನಿಚ್ಚಳವಾಗಿರುವಾಗ ಕೆಳಗಿನ ಪದ ಮಸುಕಾಗಿರಬಾರದು, ಅಲ್ವಾ?

* * *

'ವಾದ್ಯಮೇಳ' ಹಾಕಿ. ಗ್ರೀಕರ ಬಯಲು ರಂಗದಲ್ಲಿ ಮೇಳದವರು ಹಾಡಿ ಕುಣಿಯುತ್ತಿದ್ದ ಜಾಗವೇ 'ಒರ್ಖೆಸ್ತ್ರಾ'. ಕುಣಿತದ ಕ್ರಿಯಾಪದದಿಂದ ಬಂದ ಮಾತು. ಎಷ್ಟೋ ಕಾಲದ ಮೇಲೆ ವೇದಿಕೆಯ ಮುಂದೆ ವಾದ್ಯದವರು ಕೂತರು, ಜಾಗದ ಹೆಸರು ಅವರಿಗೇ ಅಂಟಿತು. ಮೇಳ ಅಂದರೆ ಆ ನಂಟೂ ಉಳಿಯುತ್ತದೆ.

ಡೆಫಿನಿಷನ್ ಅಂದರೆ ಇಲ್ಲಿ ಅಂಚು ಬಿಡಿಸಿ ಕಾಣುವುದು. 'ಪಾಲ್' ಎಂಬ ಹಳೆಯ ಪ್ರಸಾರ ಪದ್ಧತಿಯ ಟೀವಿಯಲ್ಲಿ ಚಿತ್ರದ ಗೆರೆಗಳು 576, ಫುಲ್ ಎಚ್‌ಡಿಯಲ್ಲಿ 1080. 'ನಿಚ್ಚಳ' ಅಂತ ನೀವೇ ಬರೆದಿದ್ದೀರಿ, ಅದೇ ಸಾಕು.

* * *

ವಾದ್ಯ ಸಂಸ್ಕೃತ, ಮೇಳವೂ ಸಂಸ್ಕೃತ. ಸಂಸ್ಕೃತವೇ ಆಗಬಹುದಾದರೆ ನಾಟ್ಯಶಾಸ್ತ್ರದ 'ಕುತಪ' ಇದೆಯಲ್ಲ, ವಾದ್ಯದವರ ಗುಂಪಿಗೇ ಇರುವ ಪದ. 'ನಿಚ್ಚಳ'ವು 'ನಿಶ್ಚಲ'ದ ತದ್ಭವ, ಓಡುವ ಚಿತ್ರಕ್ಕೆ ಹೊಂದುವುದಿಲ್ಲ. ಕಂಡಕ್ಟರಿಗೆ 'ಮುಂದಾಳು' ಅನ್ನಿ. ಅಚ್ಚಗನ್ನಡ ಇರುವಾಗ ಸಾಲ ಯಾಕೆ?

* * *

ತದ್ಭವ ಆದಮೇಲೆ ಅದು ಕನ್ನಡವೇ. ನಿಚ್ಚಳ ಅಂದಾಗ ಯಾರಿಗೂ ನಿಂತ ಚಿತ್ರ ನೆನಪಾಗುವುದಿಲ್ಲ. ಪಿಟೀಲು ಯಾವ ಭಾಷೆಯಿಂದ ಬಂದರೇನು, ನಮ್ಮ ನಾಲಿಗೆಗೆ ಹೊಂದಿಕೊಂಡಿದೆ. ಸಾಲ ತಂದಿದ್ದರಿಂದ ಕನ್ನಡ ಬಡವಾಗಲಿಲ್ಲ. ಅಡಿಬರಹ ನಿಲ್ಲುವುದು ಕೆಲವೇ ಸೆಕೆಂಡು, ಅಷ್ಟರಲ್ಲಿ 'ಕುತಪ' ಯಾರಿಗೆ ಅರ್ಥವಾಗಬೇಕು?

* * *

ಎಲ್ಲರಿಗೂ ವಂದನೆ. 'ವಾದ್ಯಮೇಳ', 'ನಿಚ್ಚಳ' ಎರಡನ್ನೂ ತೆಗೆದುಕೊಂಡೆ. 'ಮುಂದಾಳು' ಮಾತ್ರ ಇಲ್ಲಿ ಕೂಡುವುದಿಲ್ಲ. ಮೊದಲ ಸಾಲಿನ ತುದಿಯಲ್ಲಿ ಕೂತ ಪಿಟೀಲಿನವರೇ ಮೇಳದ ಮುಂದಾಳು. ಓಬೋ ಎಂಬ ಊದುವ ವಾದ್ಯದವರು ಸ್ವರ ಕೊಡುತ್ತಾರೆ, ಇವರು ಎದ್ದು ನಿಂತು ಎಲ್ಲರ ಶ್ರುತಿ ಸೇರಿಸುತ್ತಾರೆ. ಬೇಟನ್ ಎಂಬ ಸಣ್ಣ ಕೋಲು ಹಿಡಿದ ಕಂಡಕ್ಟರ್ ಆಮೇಲೆ ಬಂದು ಇವರ ಕೈ ಕುಲುಕುತ್ತಾರೆ. ಇಬ್ಬರೂ ಒಂದೇ ಚಿತ್ರದಲ್ಲಿ ಕಾಣುತ್ತಾರೆ, ಒಂದೇ ಪದ ಹಾಕಿದರೆ ನೋಡುವವರಿಗೆ ಗೊಂದಲ. ಬೇಟನ್‌ನವರಿಗೆ 'ಮೇಳ ನಡೆಸುವವರು' ಅಂತ ಬರೆದಿದ್ದೇನೆ. ಸ್ವಲ್ಪ ಉದ್ದವಾಯಿತು. ಇದಕ್ಕಿಂತ ಚಿಕ್ಕದು ಹೊಳೆದರೆ ರಾತ್ರಿಯೊಳಗೆ ತಿಳಿಸಿ.