75 ಎಂಎಂ ಬಿಟ್ಟು ಎನ್‌ಟಿಎನ್‌ಗೆ ಬಂದೆ, ಎಡ ಟರ್ನ್ ಹದಗೆಟ್ಟಿದೆ

ತೀರ್ಥಳ್ಳಿ_ಓಸ್ಲೊ:
ನಮಸ್ಕಾರ. ಹಿಮ್ಮಡಿ ಎತ್ತಿಕೊಂಡು ಸ್ಕೀ ಮಾಡೋ ಕನ್ನಡದವರು ಎಷ್ಟು ಜನ ಇದ್ದೀರೋ ಗೊತ್ತಿಲ್ಲ, ಆದರೂ ಕೇಳ್ತೀನಿ. ನಾನು ಟೆಲಿಮಾರ್ಕ್ (ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ಎತ್ತಿ, ಮಂಡಿ ಬಗ್ಗಿಸಿ ತಿರುಗೋ ಸ್ಕೀ ಶೈಲಿ) ಕಲಿತಿದ್ದು ಇಲ್ಲೇ ಓಸ್ಲೊದ ಟ್ರಿವಾನ್ ಸ್ಕೀ ಇಳಿಜಾರಲ್ಲಿ, ಸೆಕೆಂಡ್ ಹ್ಯಾಂಡ್ 75 ಎಂಎಂ ಕೇಬಲ್ ಬೈಂಡಿಂಗ್ (ಬೂಟನ್ನ ಸ್ಕೀಗೆ ಹಿಡಿಯೋ ಹಳೇ ಮಾದರಿ ಕಟ್ಟು) ಮೇಲೆ. ಈ ಚಳಿಗಾಲಕ್ಕೆ ಎನ್‌ಟಿಎನ್ (ನ್ಯೂ ಟೆಲಿಮಾರ್ಕ್ ನಾರ್ಮ್) ಅನ್ನೋ ಹೊಸ ಮಾದರಿಯ ಔಟ್‌ಲಾ ಎಕ್ಸ್ ಬೈಂಡಿಂಗು, ಸ್ಕಾರ್ಪಾ ಟಿಎಕ್ಸ್ ಪ್ರೊ ಬೂಟು ತಗೊಂಡೆ. ಮೇಲೆ ನಿಂತು ಒತ್ತಿದ್ರೆ ಟಕ್ ಅಂತ ಕೂರುತ್ತೆ. ಗ್ಲೌಸ್ ಬಿಚ್ಚಿ, ಬಗ್ಗಿ, ಕೇಬಲ್ ಎಳೆದು ಹಿಮ್ಮಡಿಗೆ ಸಿಕ್ಕಿಸೋ ರಗಳೆ ಇಲ್ಲ. ಅಷ್ಟಕ್ಕೇ ದುಡ್ಡು ವಸೂಲಾಯ್ತು ಅಂದ್ಕೊಂಡಿದ್ದೆ.

ತೊಂದರೆ ಇಳಿಯೋವಾಗ. ಬಲಕ್ಕೆ ತಿರುಗೋದು ಹೇಗೋ ನಡೀತಿದೆ. ಎಡಕ್ಕೆ, ಅಂದ್ರೆ ಬಲಗಾಲು ಮುಂದೆ, ಎಡಗಾಲು ಹಿಂದೆ ಇರುವಾಗ, ಹಿಂದಿನ ಸ್ಕೀ ನನ್ನ ಮಾತೇ ಕೇಳಲ್ಲ. ಮೂತಿ ಎತ್ತಲೋ ಹೋಗುತ್ತೆ, ಬಾಲ ಜಾರುತ್ತೆ. ಹಳೇದರಲ್ಲಿ ಮಂಡಿ ಇಳಿಸಿದಷ್ಟೂ ಇಳೀತಿತ್ತು. ಇದರಲ್ಲಿ ಹಿಮ್ಮಡಿ ಏಳ್ತಿದ್ದ ಹಾಗೇ ಕೆಳಕ್ಕೆ ಎಳೆಯುತ್ತೆ. ಒಂದು ಇಳಿಜಾರು ಮುಗಿಸೋಷ್ಟರಲ್ಲಿ ತೊಡೆ ಉರಿ ಉರಿ. ಅಂಗಡಿಯವನು ಸ್ಪ್ರಿಂಗ್ ಬಿಗಿ ಮಾಡಿಕೊಟ್ಟು "ರೂಢಿ ಆಗುತ್ತೆ" ಅಂದ. ಸ್ಪ್ರಿಂಗ್ ಸಡಿಲ ಮಾಡ್ಲಾ? ಬೈಂಡಿಂಗೇ ಹಿಂದಕ್ಕೆ ಸರಿಸ್ಲಾ? ಇಲ್ಲಾ ನನ್ನ ಕಾಲಿಗೇ ಏನಾದ್ರೂ ಹೇಳ್ಬೇಕಾ?

ಹುಬ್ಬಳ್ಳಿಯಾಂವ:
ಅಕ್ಕಾರ, ಮೊದಲ ಡ್ರಿಲ್ ಮಶೀನ್ ಕೆಳಗಿಡ್ರಿ. ಬೈಂಡಿಂಗ್ ಸರಸೂ ಮಾತು ಆಮ್ಯಾಲೆ. ನಾನೂ ಕೊಲೊರಾಡೊದಾಗ 75ರ ಮ್ಯಾಲೆ ಭಾಳ ವರ್ಷ ಇಳದು ಆಮ್ಯಾಲೆ ಎನ್‌ಟಿಎನ್ ಹಿಡದಾಂವ.

75ರಾಗ ಬೂಟಿನ ಮುಂದಿನ ಕೊಕ್ಕಿನ್ನ ಬೈಂಡಿಂಗ್ ಕಚ್ಚಿ ಹಿಡೀತಿತ್ತು, ಕೇಬಲ್ ಹಿಮ್ಮಡಿ ಸುತ್ತ ಬರ್ತಿತ್ತು. 2007ರಾಗ ರೊಟ್ಟೆಫೆಲ್ಲಾ ಅನ್ನೂ ಬೈಂಡಿಂಗ್ ಕಂಪನಿಯವರು ತಂದ ಎನ್‌ಟಿಎನ್‌ಗೆ ಕೊಕ್ಕ ಇಲ್ಲ. ಬೂಟು ತಿರಿವಿ ನೋಡ್ರಿ, ಅಂಗಾಲಿನ ನಡುವ ಇನ್ನೊಂದು ಸಣ್ಣ ಹಿಮ್ಮಡಿಯಂಥದ್ದು ಐತಿ. ಸ್ಪ್ರಿಂಗ್ ಜಗ್ಗೂದು ಅದನ್ನ. ಹಿಂಗಾಗಿ ಹಿಮ್ಮಡಿ ಒಂದೀಟು ಎದ್ದರ ಸಾಕು, ಜಗ್ಗಾಟ ಶುರು ಆಗತೈತಿ. ಹಿಂದಿನ ಕಾಲಿನ ಬೆರಳಬುಡ ಸ್ಕೀ ಮ್ಯಾಲೆ ಒತ್ತಿ ಕುಂದರಲಿ ಅಂತನ ಅದನ್ನ ಹಂಗ ಮಾಡ್ಯಾರ. ನೀವು ಅದರ ಕೂಡ ಕುಸ್ತಿ ಹಿಡದೀರಿ, ತೊಡಿ ಉರಿಯಾಕತ್ತೈತಿ.

ನನ್ನ ಅಂದಾಜು: ನೀವು ಎಡಗಾಲನ್ನ ತುದಿಗಾಲ ಮ್ಯಾಲೆ ಇಟ್ಟು ಮಂಡಿ ಕೆಳಗ ಹಾಕಾಕತ್ತೀರಿ. ಹಂಗ ಮಾಡಿದ್ರ ಹಿಂದಿನ ಸ್ಕೀ ಮ್ಯಾಲೆ ಭಾರನ ಇರಂಗಿಲ್ಲ, ಸುಮ್ನ ಎಳಕೊಂಡು ಬರತೈತಿ. ಮೆತ್ತನ್ನ ಕೇಬಲ್ ಇದ್ದಾಗ ಗೊತ್ತಾಗತಿರಲಿಲ್ಲ ಅಷ್ಟ.

ಮನ್ಯಾಗ ಬೂಟು ಹಾಕ್ಕೊಂಡು, ಬಕಲ್ ಬಿಗದು, ಸ್ಕೀ ಮ್ಯಾಲೆ ನಿಂದರ್ರಿ. ಎಡಗಾಲು ಹಿಂದಿಟ್ಟು ನಿಧಾನ ಕೆಳಗಿಳೀರಿ. ಬೆರಳಿನ ಮ್ಯಾಲೆ ಪ್ಲಾಸ್ಟಿಕ್ ಮಡಿಕಿ ಅದಾವಲ್ಲ, ಅವು ಒತ್ತಿಕೊಂಡು ಮುಚ್ಚಬೇಕು. ಮಡಿಕಿ ಸೆಟದು ನಿಂತು ಬೂಟಿನ ತುದಿ ಅಷ್ಟ ಕೆಳಗ ಊರಿದ್ರ ನೀವು ತುದಿಗಾಲ ಮ್ಯಾಲೆ ಅದೀರಿ. ಆಮ್ಯಾಲೆ ಬಲಗಾಲಿಂದು ನೋಡ್ರಿ.

ಬರ್ಫದ ಮ್ಯಾಲೆ ಹೋದಾಗ ಸಪಾಟ ಜಾಗಾ ಹಿಡೀರಿ. ಎಡ ಟರ್ನಿನ ನಡುವ ಮುಂದಿನ ಸ್ಕೀಯ ಮೂತಿ ಒಂದು ಕ್ಷಣ ಎತ್ತರಿ. ನಿಂತ್ರಿ ಅಂದ್ರ ಹಿಂದ ಭಾರ ಐತಿ. ಬಿದ್ರಿ ಅಂದ್ರ ರೋಗ ಗೊತ್ತಾತು. ಎಡಗಾಲಿನ ಕಿರುಬೆರಳ ಕಡೆ ಒತ್ರಿ, ಆ ಟರ್ನಿಗೆ ಕಚ್ಚೂ ಅಂಚು ಅದ. ಮುಂದಿನ ಹಿಮ್ಮಡಿಗೂ ಹಿಂದಿನ ಬೂಟಿನ ತುದಿಗೂ ಒಂದು ಬೂಟಿಗಿಂತ ಜಾಸ್ತಿ ಅಂತರ ಬ್ಯಾಡ. ಎತ್ತರ ನಿಂದರ್ರಿ. ಮಂಡಿ ಸ್ಕೀಗೆ ಮುಟ್ಟಸೂದು ಫೋಟೋಕ್ಕ ಚಂದ.

ಬಸವನಗುಡಿ_75:
ಹುಬ್ಬಳ್ಳಿ ಅಣ್ಣ ಹೇಳಿದ್ದಕ್ಕೆ ನನ್ನ ತಕರಾರಿಲ್ಲ, ಆದ್ರೆ ಸ್ಪ್ರಿಂಗ್ ವಿಷಯ ಹಾರಿಸಿಬಿಟ್ರು. ಹೊಸ ಬೂಟಿನ ಮಡಿಕೆಯೇ ಬಿರುಸು, ಮೇಲೆ ಬಿಗಿ ಸ್ಪ್ರಿಂಗ್. ಎರಡೂ ಸೇರಿದ್ರೆ ಬೆರಳ ಹತ್ತಿರ ಬಗ್ಗೋಕೆ ಜಾಗ ಎಲ್ಲಿ? ಮೊದಲು ಸಡಿಲ ಮಾಡಿ, ಎರಡೂ ಕಡೆ ಸಮ ಸುತ್ತು. ಬೂಟು ಪಳಗಿದ ಮೇಲೆ ಸ್ವಲ್ಪ ಸ್ವಲ್ಪ ಏರಿಸಿ. ಅಂಗಡಿಯವರಿಗೆ ಬಿಗಿ ಮಾಡೋದು ಅಂದ್ರೆ ಅದೇನು ಖುಷಿಯೋ.

ಜಾಗದ ವಿಚಾರ: 75ನಲ್ಲಿ ಪಿನ್ ಸಾಲು ಹಿಡಿದು ಅಳೀತಿದ್ವಿ. ಎನ್‌ಟಿಎನ್ ಕೂರಿಸುವಾಗ ಸಾಮಾನ್ಯವಾಗಿ ಬೂಟಿನ ನಡುಗೆರೆಯನ್ನ ಸ್ಕೀ ಮೇಲಿನ ಗುರುತಿಗೆ ಹೊಂದಿಸ್ತಾರೆ. ಅದಿದ್ರೆ ಸಾಕು, ಮುಟ್ಟಬೇಡಿ. ಇನ್ನೊಂದು, ಎನ್‌ಟಿಎನ್ ಅಂದ ಮಾತ್ರಕ್ಕೆ ಬಿದ್ದಾಗ ಬಿಚ್ಕೊಳ್ಳುತ್ತೆ ಅಂತ ನಂಬ್ಕೋಬೇಡಿ. ಔಟ್‌ಲಾದಲ್ಲಿ ಆ ಏರ್ಪಾಡಿಲ್ಲ.

ತೀರ್ಥಳ್ಳಿ_ಓಸ್ಲೊ:
ಇಬ್ಬರಿಗೂ ಥ್ಯಾಂಕ್ಸ್. ಅಡುಗೆಮನೆಯಲ್ಲಿ ನಿಂತು ನೋಡಿದೆ (ಗಂಡ ವಿಡಿಯೋ ಮಾಡಿ ನಕ್ಕಿದ್ದು ಬೇರೆ ಕಥೆ). ಬಲಬೂಟಿನ ಮಡಿಕೆ ಚೆನ್ನಾಗಿ ಮುಚ್ತು. ಎಡದ್ದು ಹೊಸದಾಗಿ ಡಬ್ಬಿಯಿಂದ ತೆಗೆದ ಹಾಗೇ ಇದೆ, ಒಂದು ಗೆರೆ ಕೂಡ ಬಿದ್ದಿಲ್ಲ! ಸ್ಪ್ರಿಂಗ್ ಇಳಿಸಿ ಟ್ರಿವಾನ್‌ಗೆ ಹೋದೆ. ಮೂತಿ ಎತ್ತೋ ಪಾಠದಲ್ಲಿ ಮಕ್ಕಳ ಎದುರಿಗೇ ಬಿದ್ದೆ. ಆದ್ರೆ ಕಿರುಬೆರಳ ಕಡೆ ಒತ್ತಿದಾಗ ಹಿಂದಿನ ಸ್ಕೀ ಗೆರೆ ಕೊರೆದುಕೊಂಡು ಬಂತು, ಹಿಂದೆ ತಿರುಗಿ ನೋಡಿದ್ರೆ ಎರಡೂ ಗೆರೆ ಇತ್ತು. ಇಲ್ಲೀತನಕ ಎಡ ಟರ್ನಲ್ಲಿ ಒಂದು ಗೆರೆ, ಪಕ್ಕದಲ್ಲಿ ಒಂದು ಗೀಚು, ಅಷ್ಟೇ ಇರ್ತಿತ್ತು.

ನಮ್ಮ ಆಫೀಸಿನ ನಾರ್ವೇಜಿಯನ್ ಅಜ್ಜ ಒಬ್ಬರು ಎನ್‌ಟಿಎನ್ ಕಂಡ್ರೆ ಮೂಗು ಮುರೀತಾರೆ, ಅದು ಟೆಲಿಮಾರ್ಕೇ ಅಲ್ವಂತೆ. ಟೆಲಿಮಾರ್ಕ್ ಶೈಲಿಯ ಮೂಲಪುರುಷ ಅನ್ನಿಸಿಕೊಂಡ ಮೊರ್ಗೆಡಾಲ್ ಊರಿನ ಸೊಂಡ್ರೆ ನೊರ್ಹೈಮ್ 1868ರಲ್ಲಿ ಇದೇ ಓಸ್ಲೊದ ಸ್ಪರ್ಧೆಗೆ ಬಂದಾಗ ಅವನ ಕಾಲಲ್ಲಿದ್ದಿದ್ದೂ ಹಿಮ್ಮಡಿ ಸುತ್ತ ಹೆಣೆದ ಹೊಸ ಥರದ ಬೈಂಡಿಂಗೇ ಅಲ್ವಾ ಅಂತ ಕೇಳಿದೆ. ಕಾಫಿ ತಗೊಂಡು ಎದ್ದು ಹೋದ್ರು.

ಏಪ್ರಿಲ್‌ನಲ್ಲಿ ಇಲ್ಲಿನ ಗೌಸ್ಟಾಟೋಪ್ಪೆನ್ ಬೆಟ್ಟ ಹತ್ತೋಣ ಅಂತಿದೀವಿ, 1883 ಮೀಟರ್. ಬೈಂಡಿಂಗನ್ನ ಹತ್ತೋ ಮೋಡ್‌ನಿಂದ ಇಳಿಯೋ ಮೋಡ್‌ಗೆ ಬದಲಾಯಿಸುವಾಗ ಏನಾದ್ರೂ ನೋಡ್ಕೋಬೇಕಾ?

ಹುಬ್ಬಳ್ಳಿಯಾಂವ:
ಬೂಟಿನ ತಳಕ್ಕ, ಬೈಂಡಿಂಗ್ ಪ್ಲೇಟಿನ ಮ್ಯಾಲೆ ಬರ್ಫ ಗಟ್ಟಿಯಾಗಿ ಕುಂತಿರತೈತಿ. ಕೋಲಿನ ತುದಿಲೆ ಕೆರದು ತಗೀರಿ, ಆಮ್ಯಾಲೆ ಬದಲಿ ಮಾಡ್ರಿ. ಇಲ್ಲಂದ್ರ ಅರ್ಧಮರ್ಧ ಲಾಕ್ ಆಗಿ ಮೊದಲನೇ ಟರ್ನಿನಾಗ ಬಿಚ್ಚತೈತಿ. ಹೊರಡೂ ಮುಂಚೆ ಹಿಮ್ಮಡಿ ಎತ್ತಿ ಎತ್ತಿ ನೋಡ್ರಿ, ಎರಡೂ ಕಾಲಿಗೂ ಜಗ್ಗಾಟ ಒಂದ ನಮೂನಿ ಬರಬೇಕು. ಮತ್ತ ಆ ವಿಡಿಯೋ ಇಲ್ಲಿ ಹಾಕ್ರಿ.